ಸಾಕಪ್ಪಾ ಸಾಕು ಎನಿಸುವ ಇಂಪು

"ಸರ್, ಈ ಸಲ ಕ್ರಿಸ್‌ಮಸ್ ರಾತ್ರಿ ನಾನು ಚರ್ಚಿಗೆ ಹೋಗಲಿಲ್ಲ. ಆ ಹಾಡುಗಳನ್ನು ಕೇಳಿದರೆ ತಲೆ ಸಿಡಿಯುತ್ತೆ."

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಫೋನ್ ಮಾಡಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆಂದಾಗ ನನಗೆ ನಂಬಲಾಗಲಿಲ್ಲ. ಇವಳು ನಮ್ಮ ಊರಿನ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದ ಹುಡುಗಿ. ಡಿಸೆಂಬರ್ ಬಂತೆಂದರೆ ಪ್ರಯೋಗಶಾಲೆಯಲ್ಲಿ ಪ್ರನಾಳ ತೊಳೆಯುವಾಗಲೂ ಕ್ರಿಸ್‌ಮಸ್ ಗೀತೆಗಳನ್ನು ಗುನುಗುತ್ತಿದ್ದವಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಯೂರೋಪಿನ ಧಾಟಿಗಳಿಗೆ ಕನ್ನಡದ ಪದಗಳನ್ನು ಹೊಂದಿಸಿ ಹಾಡುವ ರೂಢಿ ನಮ್ಮ ಕರಾವಳಿಯಲ್ಲಿ ಬೇರೂರಿತು. ಇವಳ ಅಜ್ಜಿಯೂ ತಾಯಿಯೂ ಹಾಗೆ ಹಾಡಿಕೊಂಡು ಬಂದವರು. ಅಂಥವಳಿಗೆ ಏನಾಯಿತು?

"ಏನಮ್ಮಾ, ದೇವರ ಮೇಲೆ ಕೋಪವೇ?" ಎಂದು ಕೇಳಿದೆ.

"ದೇವರ ಮೇಲಲ್ಲ ಸರ್, ಅಂಗಡಿಯ ಸ್ಪೀಕರಿನ ಮೇಲೆ" ಎಂದಳು.

ಓದಿನ ಖರ್ಚಿಗೆಂದು ಅವಳು ಶನಿವಾರ ಭಾನುವಾರ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ನವೆಂಬರ್ ಆರಂಭದಿಂದಲೇ ಅಲ್ಲಿ ಕ್ರಿಸ್‌ಮಸ್ ಹಾಡುಗಳು ಶುರು. ಒಂದು ಗಂಟೆಯ ಹಾಡುಗಳ ಪಟ್ಟಿ. ಮುಗಿದರೆ ಮತ್ತೆ ಮೊದಲಿನಿಂದ. ವಿದ್ಯಾರ್ಥಿಗಳೇ, ಲೆಕ್ಕ ಹಾಕಿ. ದಿನಕ್ಕೆ ಎಂಟು ಗಂಟೆಯ ಕೆಲಸ, ವಾರಕ್ಕೆ ಎರಡು ದಿನ, ಒಟ್ಟು ಏಳು ವಾರ. ಒಂದೊಂದು ಹಾಡೂ 112 ಸಲ ಅವಳ ಕಿವಿಯ ಮೇಲೆ ಬಿದ್ದಿತ್ತು! ವಾರವಿಡೀ ದುಡಿಯುವವರ ಪಾಡನ್ನು ನೀವೇ ಊಹಿಸಿಕೊಳ್ಳಿ.

ಒಬ್ಬ ಮೇಷ್ಟ್ರ ಹಾಡು

ಕ್ರಿಸ್‌ಮಸ್ ಗೀತೆಗಳ ಚರಿತ್ರೆ ಬಲು ಸ್ವಾರಸ್ಯಕರ. ಜಗತ್ತಿನಲ್ಲೆಲ್ಲ ಹೆಸರಾದ 'ಸೈಲೆಂಟ್ ನೈಟ್' ಹುಟ್ಟಿದ್ದು ಆಸ್ಟ್ರಿಯಾದ ಒಬೆರ್ನ್‌ಡಾರ್ಫ್ ಎಂಬ ಪುಟ್ಟ ಊರಿನಲ್ಲಿ. ಜೋಸೆಫ್ ಮೋರ್ ಎಂಬ ಯುವ ಪಾದ್ರಿ 1816ರಲ್ಲಿ ಬರೆದಿಟ್ಟಿದ್ದ ಜರ್ಮನ್ ಪದ್ಯಕ್ಕೆ 1818ರ ಡಿಸೆಂಬರ್ 24ರಂದು ರಾಗ ಕೂಡಿಸಿದವನು ಫ್ರಾಂಜ್ ಕ್ಸಾವರ್ ಗ್ರೂಬರ್. ಇವನು ಪಕ್ಕದ ಹಳ್ಳಿಯ ಶಾಲಾ ಮೇಷ್ಟ್ರು! ನನ್ನಂಥವರಿಗೆ ಹೆಮ್ಮೆಯ ಸಂಗತಿಯಲ್ಲವೇ? ಅಂದು ರಾತ್ರಿಯೇ ಇಬ್ಬರೂ ಗಿಟಾರ್ ಹಿಡಿದು ಅದನ್ನು ಚರ್ಚಿನಲ್ಲಿ ಹಾಡಿದರು. ಟಿರೋಲ್ ಪ್ರಾಂತದ ಹಾಡುಗಾರ ಕುಟುಂಬಗಳು ಅದನ್ನು ಊರೂರಿಗೆ ಒಯ್ದವು. 1839ರಲ್ಲಿ ಅದು ನ್ಯೂಯಾರ್ಕಿಗೂ ತಲುಪಿತು. ಈ ರಾಗ ಯಾವನೋ ಮಹಾ ಸಂಗೀತಗಾರನದೇ ಇರಬೇಕೆಂದು ಜನ ಭಾವಿಸಿದ್ದರಿಂದ, 1854ರಲ್ಲಿ ಮೇಷ್ಟ್ರು ತಾವೇ ಕುಳಿತು ನಡೆದದ್ದೇನೆಂದು ಬರೆದು ತಿಳಿಸಬೇಕಾಯಿತು.

'ಜಿಂಗಲ್ ಬೆಲ್ಸ್' ಕಥೆ ಇನ್ನೊಂದು ಬಗೆಯದು. 1857ರಲ್ಲಿ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಈ ಹಾಡಿನಲ್ಲಿ ಕ್ರಿಸ್‌ಮಸ್ಸಿನ ಮಾತೇ ಇಲ್ಲ. ಅದು ಹಿಮದ ಮೇಲೆ ಕುದುರೆ ಕಟ್ಟಿದ ಜಾರುಗಾಡಿಯ ಸವಾರಿಯ ಹಾಡು. ಆದರೂ ವಿಜ್ಞಾನದ ಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನವಿದೆ. 1965ರ ಡಿಸೆಂಬರಿನಲ್ಲಿ ಜೆಮಿನಿ ನೌಕೆಯಲ್ಲಿದ್ದ ವಾಲಿ ಶಿರಾ ಮತ್ತು ಥಾಮಸ್ ಸ್ಟಾಫರ್ಡ್ ಬಚ್ಚಿಟ್ಟುಕೊಂಡು ಹೋಗಿದ್ದ ಪುಟ್ಟ ಮೌತ್ ಆರ್ಗನ್ನನ್ನೂ ಗೆಜ್ಜೆಗಳನ್ನೂ ಹೊರತೆಗೆದು ಈ ಧಾಟಿಯನ್ನು ನುಡಿಸಿದರು. ಬಾಹ್ಯಾಕಾಶದಲ್ಲಿ ಮನುಷ್ಯ ನುಡಿಸಿದ ಮೊದಲ ವಾದ್ಯಸಂಗೀತ ಇದೇ.

ಇನ್ನು 'ವೈಟ್ ಕ್ರಿಸ್‌ಮಸ್'. 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ಇದರ ಧ್ವನಿಮುದ್ರಿಕೆ ಸುಮಾರು 5 ಕೋಟಿ ಪ್ರತಿ ಮಾರಾಟವಾಗಿದೆ ಎಂಬ ಅಂದಾಜಿದೆ. ಬರೆದವನು ಇರ್ವಿಂಗ್ ಬರ್ಲಿನ್, ಒಬ್ಬ ಯೆಹೂದಿ. ಅವನ ಎಳೆಯ ಕೂಸು ತೀರಿಕೊಂಡದ್ದು 1928ರ ಕ್ರಿಸ್‌ಮಸ್ ದಿನದಂದೇ. ಲೋಕಕ್ಕೆಲ್ಲ ಸಂಭ್ರಮದ ದಿನ, ಆ ಮನೆಗೆ ಸೂತಕದ ದಿನ. ಈ ಹಾಡಿನೊಳಗಿನ ಒಂದು ಬಗೆಯ ಹಂಬಲ ಯುದ್ಧಕಾಲದಲ್ಲಿ ಮನೆಯಿಂದ ದೂರವಿದ್ದ ಸೈನಿಕರ ಎದೆಯನ್ನು ತಟ್ಟಿತ್ತು.

ಇಷ್ಟ ಏರುವುದೂ ಇಳಿಯುವುದೂ

ಇಷ್ಟು ಚೆಂದದ ಹಾಡುಗಳು ಬೇಸರ ತರಿಸುವುದೇಕೆ? ಇಲ್ಲಿ ಮನಶ್ಶಾಸ್ತ್ರ ನಮ್ಮ ನೆರವಿಗೆ ಬರುತ್ತದೆ.

1968ರಲ್ಲಿ ಅಮೆರಿಕದ ರಾಬರ್ಟ್ ಜಯಾಂಕ್ ಎಂಬ ವಿಜ್ಞಾನಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಥವಿಲ್ಲದ ಪದಗಳು, ಚೀನೀ ಲಿಪಿಯಂಥ ಚಿಹ್ನೆಗಳು, ಅಪರಿಚಿತರ ಭಾವಚಿತ್ರಗಳನ್ನು ಜನರಿಗೆ ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು 25 ಸಲದವರೆಗೆ. ಹೆಚ್ಚು ಸಲ ಕಂಡದ್ದೇ ಜನರಿಗೆ ಹೆಚ್ಚು ಹಿಡಿಸಿತು. ಪರಿಚಯವೇ ಪ್ರೀತಿಯ ಮೊದಲ ಮೆಟ್ಟಿಲು. ಮೊದಲ ಸಲ ಸಪ್ಪೆಯೆನಿಸಿದ ಸಿನಿಮಾ ಹಾಡು ನಾಲ್ಕನೆಯ ಸಲ ಬಾಯಿಗೆ ಬರುವುದು ನಿಮ್ಮ ಅನುಭವಕ್ಕೂ ಬಂದಿರಬೇಕು.

ಆದರೆ ಏರಿದ್ದೆಲ್ಲ ಏರುತ್ತಲೇ ಹೋಗುವುದಿಲ್ಲ. ಡೇನಿಯಲ್ ಬರ್ಲೈನ್ ಎಂಬ ಮನಶ್ಶಾಸ್ತ್ರಜ್ಞ 1971ರ ತನ್ನ ಗ್ರಂಥದಲ್ಲಿ ಇದನ್ನು ತಲೆಕೆಳಗಾದ 'ಯು' ಅಕ್ಷರದ ರೇಖೆಯಿಂದ ವಿವರಿಸಿದ. ತೀರಾ ಹೊಸದು ಗೊಂದಲ ತರುತ್ತದೆ. ಸ್ವಲ್ಪ ಪರಿಚಿತವಾದದ್ದು ಖುಷಿ ಕೊಡುತ್ತದೆ. ಅತಿಯಾಗಿ ಪರಿಚಿತವಾದದ್ದು ಬೇಸರ ಹುಟ್ಟಿಸುತ್ತದೆ. ಸರಳವಾದ ಧಾಟಿಯಾದರೆ ರೇಖೆ ಬೇಗ ಶಿಖರ ಮುಟ್ಟಿ ಬೇಗ ಕೆಳಗಿಳಿಯುತ್ತದೆ. ಕ್ರಿಸ್‌ಮಸ್ ಗೀತೆಗಳು ಮಕ್ಕಳೂ ಮುದುಕರೂ ಕೂಡಿ ಹಾಡಲೆಂದೇ ಸರಳವಾಗಿರುವಂಥವು. ಅವುಗಳ ಗುಣವೇ ಅಂಗಡಿಯಲ್ಲಿ ಅವಗುಣವಾಗಿಬಿಡುತ್ತದೆ.

ಇನ್ನೊಂದು ಸಂಗತಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಮೆಚ್ಚಿನ ಸಂಗೀತ ಕೇಳುವಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ರೋಮಾಂಚನದ ಗಳಿಗೆಯಲ್ಲಿ ಮಾತ್ರವಲ್ಲ, ಆ ಗಳಿಗೆಗಾಗಿ ಕಾಯುವಾಗಲೂ! ಕಾಯುವುದೂ ಸುಖದ ಒಂದು ಭಾಗವೇ. ವರ್ಷಕ್ಕೊಮ್ಮೆ ಬರುವ ಹಾಡಿಗೆ ಹನ್ನೊಂದು ತಿಂಗಳ ಕಾಯುವಿಕೆಯ ಬಲವಿರುತ್ತದೆ. ಗಂಟೆಗೊಮ್ಮೆ ಬರುವ ಹಾಡಿಗೆ ಆ ಬಲ ಎಲ್ಲಿಂದ ಬರಬೇಕು?

ಬೇಡವೆನ್ನುವ ಗುಂಡಿ

ಹಾಗಿದ್ದರೂ ಅಂಗಡಿಯವರು ಹಾಡು ನಿಲ್ಲಿಸುವುದಿಲ್ಲ, ಅದಕ್ಕೆ ಕಾರಣವಿದೆ. 1982ರಲ್ಲಿ ರೊನಾಲ್ಡ್ ಮಿಲಿಮನ್ ಅಮೆರಿಕದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಡೆಸಿದ ಅಧ್ಯಯನದಲ್ಲಿ, ವೇಗದ ಸಂಗೀತಕ್ಕಿಂತ ನಿಧಾನದ ಸಂಗೀತ ಹಾಕಿದ ದಿನಗಳಲ್ಲಿ ವ್ಯಾಪಾರ ಸುಮಾರು 38 ಶೇಕಡಾ ಹೆಚ್ಚಿತ್ತು. ಗಿರಾಕಿ ನಿಧಾನವಾಗಿ ನಡೆಯುತ್ತಾನೆ, ಹೆಚ್ಚು ನೋಡುತ್ತಾನೆ, ಹೆಚ್ಚು ಕೊಳ್ಳುತ್ತಾನೆ. ಆದರೆ ಗಿರಾಕಿ ಅರ್ಧ ಗಂಟೆಯಲ್ಲಿ ಹೊರಟುಹೋಗುತ್ತಾನೆ. ಗಲ್ಲಾ ಪೆಟ್ಟಿಗೆಯ ಹಿಂದೆ ನಿಂತವರು ಎಲ್ಲಿಗೆ ಹೋಗಬೇಕು? 2003ರಲ್ಲಿ ಅಂಗಡಿ ನೌಕರರ ಸಂಘವೊಂದು ಈ ಹಾಡುಗಳ ಕಾಟದ ವಿರುದ್ಧ ದನಿಯೆತ್ತಿತು. ಅದು ಯಾವ ದೇಶದಲ್ಲಿ ಗೊತ್ತೇ? 'ಸೈಲೆಂಟ್ ನೈಟ್' ಹುಟ್ಟಿದ ಆಸ್ಟ್ರಿಯಾದಲ್ಲಿ!

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1972ರಲ್ಲಿ ಪುಸ್ತಕವಾಗಿ ತಂದ ಪ್ರಯೋಗಗಳು ಈ ವಿಷಯದ ತಿರುಳನ್ನೇ ಮುಟ್ಟುತ್ತವೆ. ಎರಡು ಗುಂಪಿನವರಿಗೆ ಒಂದೇ ಬಗೆಯ ಕರ್ಕಶ ಸದ್ದನ್ನು ಕೇಳಿಸಿದರು. ಒಂದು ಗುಂಪಿಗೆ ಮಾತ್ರ ಒಂದು ಗುಂಡಿ ಕೊಟ್ಟು, "ತೀರಾ ಅಸಹನೀಯವಾದರೆ ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಆದಷ್ಟು ಒತ್ತದಿರಿ" ಎಂದರು. ಅವರು ಗುಂಡಿ ಒತ್ತದೆ ಪೂರ್ತಿ ಸದ್ದನ್ನೂ ಕೇಳಿದರು. ಆಮೇಲೆ ಒಗಟು ಬಿಡಿಸಲು, ಬರಹದ ತಪ್ಪು ಹುಡುಕಲು ಕೊಟ್ಟಾಗ ಗುಂಡಿಯಿದ್ದವರೇ ಹೆಚ್ಚು ಚೆನ್ನಾಗಿ ಕೆಲಸ ಮಾಡಿದರು. ಸದ್ದು ಇಬ್ಬರಿಗೂ ಒಂದೇ. ಬೇಡವೆನ್ನುವ ಅಧಿಕಾರವಿದೆ ಎಂಬ ಅರಿವೇ ಒಬ್ಬರನ್ನು ಕಾಪಾಡಿತ್ತು. ನನ್ನ ವಿದ್ಯಾರ್ಥಿನಿಗೆ ಅಂಗಡಿಯಲ್ಲಿ ಇಲ್ಲದೇ ಹೋದದ್ದು ಆ ಗುಂಡಿಯೇ.

ಅಟ್ಟ ಸೇರಿದ ಕೊಳಲು

ಇದನ್ನೆಲ್ಲ ಅವಳಿಗೆ ಫೋನಿನಲ್ಲಿ ವಿವರಿಸುತ್ತಿದ್ದಂತೆ ನನ್ನ ನಾಲಿಗೆಯೇ ತಡವರಿಸಿತು. ಏಕೆಂದರೆ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೊಳಲಿದೆ.

ನನ್ನ ಮಗ ಹತ್ತು ವರ್ಷದವನಿದ್ದಾಗ ತಾನಾಗಿಯೇ ಕೊಳಲು ಬೇಕೆಂದು ಕೇಳಿದ. ಸಂಜೆ ಹಿತ್ತಿಲಲ್ಲಿ ಕುಳಿತು ಊದುತ್ತಿದ್ದ. ನನಗೆ ಹೆಮ್ಮೆಯೋ ಹೆಮ್ಮೆ. ಮನೆಗೆ ಯಾರೇ ಬರಲಿ, "ಬಾರೋ, ಮಾಮನಿಗೆ ಆ ಕೃತಿ ನುಡಿಸಿ ತೋರಿಸು" ಎಂದು ಕರೆಯುತ್ತಿದ್ದೆ. ಬೆಳಿಗ್ಗೆ ಅರ್ಧ ಗಂಟೆ, ರಾತ್ರಿ ಅರ್ಧ ಗಂಟೆ ಅಭ್ಯಾಸವೆಂದು ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿದೆ. ಒಂದೇ ಕೃತಿಯನ್ನು ಎಷ್ಟು ನೆಂಟರ ಮುಂದೆ ನುಡಿಸಿದನೋ ಲೆಕ್ಕವಿಲ್ಲ. ಎರಡು ವರ್ಷವಾಗುವಷ್ಟರಲ್ಲಿ ಕೊಳಲು ಅಟ್ಟ ಸೇರಿತು. ಹುಡುಗನಿಗೆ ಆಸಕ್ತಿ ಸಾಲದೆಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗಿದೆ. ತರಗತಿಯಲ್ಲಿ ರೇಖಾಚಿತ್ರ ಬರೆದು ವಿವರಿಸುವ ಮನುಷ್ಯನಿಗೆ ತನ್ನ ಮನೆಯ ರೇಖೆ ಕೆಳಗಿಳಿಯುತ್ತಿದ್ದುದು ಕಾಣಿಸಲಿಲ್ಲ. ಅವನ ಕೈಯಲ್ಲಿದ್ದ ಗುಂಡಿಯನ್ನು ಕಿತ್ತುಕೊಂಡವನು ನಾನೇ.

ಅಭ್ಯಾಸ ಬೇಡವೆಂದು ಇದರ ಅರ್ಥವಲ್ಲ. ಮಗ್ಗಿಯನ್ನೂ ಸೂತ್ರವನ್ನೂ ಮತ್ತೆ ಮತ್ತೆ ಓದಲೇಬೇಕು. ಆದರೆ ಪುನರಾವರ್ತನೆಯ ನಡುವೆ ಬಿಡುವಿರಲಿ, ಸ್ವಲ್ಪ ಬದಲಾವಣೆಯಿರಲಿ. ಮಗು ತಾನಾಗಿ ಪ್ರೀತಿಸಿದ ಒಂದಾದರೂ ವಿಷಯ ಅದರ ಕೈಯಲ್ಲೇ ಉಳಿಯಲಿ. ಹಬ್ಬದ ಮೈಕಿನ ವಿಷಯದಲ್ಲೂ ಇದೇ ಮಾತು. ಯಾವ ಧರ್ಮದ ಹಬ್ಬವೇ ಇರಲಿ, ಪರೀಕ್ಷೆಗೆ ಓದುವ ಪಕ್ಕದ ಮನೆಯ ಹುಡುಗನ ಬಳಿ ಗುಂಡಿಯಿಲ್ಲ ಎಂಬುದು ಹಾಡು ಹಾಕುವವರಿಗೆ ನೆನಪಿರಬೇಕು.

ಮರಳಿ ಬಂದ ದನಿ

ಅಂದು ನಾನು ಅವಳಿಗೆ ಹೇಳಿದ್ದು ಇಷ್ಟೇ: "ಸದ್ಯಕ್ಕೆ ಆ ಹಾಡುಗಳ ತಂಟೆಗೆ ಹೋಗಬೇಡ. ಹಾಡಬೇಕೆನಿಸಿದಾಗ ನೀನೇ ಹಾಡು, ಕೇಳಲು ಹೋಗಬೇಡ."

ಮರುವರ್ಷ ಅವಳು ಅಂಗಡಿಯ ಕೆಲಸ ಬಿಟ್ಟು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ಡಿಸೆಂಬರ್ 24ರ ರಾತ್ರಿ ಮತ್ತೆ ಫೋನ್ ಬಂತು. ಜೊತೆಯಲ್ಲಿದ್ದ ನಾಲ್ಕಾರು ಮಂದಿ ಸೇರಿ ಅಡುಗೆಮನೆಯಲ್ಲಿ ಕೇಕ್ ಮಾಡುತ್ತಿದ್ದರಂತೆ. ಯಾರೋ ಒಬ್ಬರು 'ಸೈಲೆಂಟ್ ನೈಟ್' ಗುನುಗಿದರಂತೆ. ಇವಳಿಗೆ ಅರಿವಿಲ್ಲದೆಯೇ ಅಜ್ಜಿ ಹಾಡುತ್ತಿದ್ದ ಕನ್ನಡದ ಪದಗಳು ಬಾಯಿಗೆ ಬಂದವಂತೆ. ಉಳಿದವರು ತಮ್ಮ ಹಾಡು ನಿಲ್ಲಿಸಿ ಕೇಳಿದರಂತೆ.

"ಅಂಗಡಿಯಲ್ಲಿ ಕೇಳಿದ್ದ ಹಾಡೇ ಸರ್. ಆದರೆ ಅದಲ್ಲ" ಎಂದಳು.

ಫೋನ್ ಇಟ್ಟ ಮೇಲೆ ಏಣಿ ತಂದು ಅಟ್ಟದಿಂದ ಕೊಳಲನ್ನು ಇಳಿಸಿದೆ. ಧೂಳು ಒರೆಸಿ ಮಗನ ಮೇಜಿನ ಮೇಲಿಟ್ಟೆ. ನುಡಿಸು ಎಂದು ಹೇಳಲಿಲ್ಲ. ಇಂದಿಗೂ ಹೇಳಿಲ್ಲ.