ಮನೆಯಂಗಳದಲ್ಲೇ ಮಗುವಿನ ಹುಟ್ಟುಹಬ್ಬ

ನಾಮಕರಣ, ಮಗುವಿನ ಮೊದಲ ಹುಟ್ಟುಹಬ್ಬ, ಸೀಮಂತ ಮುಂತಾದವು ಒಂದು ಕಾಲದಲ್ಲಿ ಮನೆಯ ಹಜಾರದಲ್ಲೇ ನಡೆಯುತ್ತಿದ್ದ ಸಮಾರಂಭಗಳು. ನೆರೆಹೊರೆಯವರು ಹಿಂದಿನ ದಿನವೇ ಬಂದು ತರಕಾರಿ ಹೆಚ್ಚುತ್ತಿದ್ದರು. ಗಂಡಸರು ಮಾವಿನ ತೋರಣ ಕಟ್ಟುತ್ತಿದ್ದರು. ಇಂದಾದರೋ ಸಭಾಂಗಣಕ್ಕೊಂದು ಮುಂಗಡ, ಅಲಂಕಾರಕ್ಕೊಂದು ಮುಂಗಡ, ಅಡುಗೆಯವರಿಗೊಂದು, ಫೋಟೋದವರಿಗೊಂದು. ಹಣವನ್ನೆಲ್ಲ ತೆತ್ತ ಮನೆಯವರು ತಮ್ಮ ಮನೆಯ ಸಮಾರಂಭಕ್ಕೇ ಅತಿಥಿಗಳಂತೆ ಹೋಗಿ, ಕುಳಿತು, ಎದ್ದು ಬರುತ್ತಾರೆ.

ಮೊಮ್ಮಗನಿಗೆ ವರ್ಷ ತುಂಬುವ ಸಮಯದಲ್ಲಿ ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತು. ನಮ್ಮದು ಹಳೇ ತರಗುಪೇಟೆಯಲ್ಲಿ ಅಂಗಡಿಯ ಮೇಲಿನ ಮನೆ. ಗುತ್ತಿಗೆದಾರರೊಬ್ಬರು ಬರೆದುಕೊಟ್ಟ ಅಂದಾಜು ಮಗನ ಎರಡು ತಿಂಗಳ ಸಂಬಳವನ್ನು ಮೀರಿತ್ತು. “ಮೊದಲನೆಯ ಹುಟ್ಟುಹಬ್ಬ, ಸಾಲವಾದರೂ ಆಗಲಿ, ಮಾಡಿಬಿಡೋಣ ಅಮ್ಮ” ಎಂದ ಮಗ. “ಜನ ಏನೆಂದಾರು” ಎಂಬುದು ಯಜಮಾನರ ಚಿಂತೆ. ಸೊಸೆ ಮಾತ್ರ ಮೆಲ್ಲಗೆ, “ಅತ್ತೆ, ನಾವೇ ಮಾಡಿದರೆ ಆಗುವುದಿಲ್ಲವೇ?” ಎಂದು ಕೇಳಿ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ಕಾಗದದ ಹೂಗಳು, ಬಲೂನಿನ ಕಮಾನುಗಳು, ಮಗುವಿನ ಹೆಸರಿನ ಫಲಕಗಳು. ಎಲ್ಲವನ್ನೂ ಮನೆಯಲ್ಲೇ ಮಾಡುವ ವಿಧಾನವನ್ನು ಯಾರೋ ತೋರಿಸಿಕೊಡುತ್ತಿದ್ದರು. ಸಾಲದ ಮಾತು ಅಂದಿಗೇ ನಿಂತಿತು. ಆ ಅನುಭವದಿಂದ ಕಲಿತ ಕೆಲವು ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೂರು ಪ್ರಶ್ನೆಗಳು

ಅಂತರಜಾಲದಲ್ಲಿ ಕಂಡದ್ದೆಲ್ಲ ನಮ್ಮ ಮನೆಗೆ ಹೊಂದುವುದಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿಕೊಂಡೆವು. ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಪೇಟೆಯಲ್ಲಿ ದೊರೆಯುವುದೇ? ನಮ್ಮ ಕೈಗಳಿಂದ ಒಂದು ಸಂಜೆಯಲ್ಲಿ ಮುಗಿಯುವುದೇ? ಸಮಾರಂಭದ ಮರುದಿನ ಇದು ಏನಾಗುವುದು? ಸೊಸೆ ಗುರುತು ಹಾಕಿಟ್ಟಿದ್ದ ಇಪ್ಪತ್ತು ಉಪಾಯಗಳಲ್ಲಿ ಐದು ಮಾತ್ರ ಉಳಿದವು.

ಮೂರನೆಯ ಪ್ರಶ್ನೆ ಮುಖ್ಯವಾದುದು. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಾದ್ಯಂತ ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಚಮಚಗಳೂ ನಿಷೇಧದ ಪಟ್ಟಿಗೆ ಸೇರಿದವು. ಆದರೂ ಅನೇಕ ವಿಡಿಯೋಗಳಲ್ಲಿ ಥರ್ಮೋಕೋಲಿನ ಅಕ್ಷರಗಳೇ ಕಾಣುತ್ತವೆ. ನಾವು ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಬಣ್ಣದ ಕಾಗದ ಅಂಟಿಸಿ ಹೆಸರು ಬರೆದೆವು. ಹಿಂದಿನ ಪರದೆಗೆ ನಮ್ಮ ಅತ್ತೆಯವರ ಎರಡು ಹಳೆಯ ಜರಿ ಸೀರೆಗಳೇ ಸಾಕಾದವು.

ಪೇಟೆಯ ಬೀದಿಗಳಲ್ಲಿ

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನ ಹಳೆಯ ಪೇಟೆಯಲ್ಲಿ ಬೀದಿಯ ಹೆಸರೇ ಸರಕಿನ ಗುರುತು: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ದವಸಧಾನ್ಯಕ್ಕೆ ತರಗುಪೇಟೆ. ಕಾಗದ, ಆಮಂತ್ರಣ ಪತ್ರಿಕೆಗಳಿಗೆ ಸುಲ್ತಾನ್‌ಪೇಟೆ, ಲೇಖನ ಸಾಮಗ್ರಿಗೆ ಅವೆನ್ಯೂ ರಸ್ತೆ, ಹೂವಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಬಸವನಗುಡಿ, ಮಲ್ಲೇಶ್ವರಗಳ ಬಂಧುಗಳಿಗೂ ಇವು ದೂರವಲ್ಲ. 2017ರಿಂದ ನ್ಯಾಷನಲ್ ಕಾಲೇಜು ಮತ್ತು ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣಗಳ ನಡುವೆ ಅದೇ ಹಸಿರು ಮಾರ್ಗದಲ್ಲಿ ಮಾರುಕಟ್ಟೆಗೂ ಚಿಕ್ಕಪೇಟೆಗೂ ನಿಲ್ದಾಣಗಳಿವೆ.

ಪಟ್ಟಿ ಬರೆದುಕೊಳ್ಳದೆ ಪೇಟೆಗೆ ಹೋಗಬಾರದು. ಸಗಟು ದರ ಕಂಡೊಡನೆ ಬೇಡದ್ದನ್ನೂ ಕೊಳ್ಳುವ ಚಪಲ ಯಾರಿಗೂ ತಪ್ಪಿದ್ದಲ್ಲ. ಹೂವನ್ನು ಅದೇ ದಿನ ಬೆಳಗಿನ ಜಾವ ಕೊಳ್ಳುವುದು ಲೇಸು. ಬಿಡಿಹೂವನ್ನು ತೂಕದ ಲೆಕ್ಕದಲ್ಲಿ ತಂದು ಮನೆಯಲ್ಲೇ ಕಟ್ಟಿಕೊಂಡರೆ ಕಟ್ಟಿದ ಮಾಲೆಗಿಂತ ಅಗ್ಗ. ಊಟಕ್ಕೆ ಬಾಳೆ ಎಲೆ, ತಿಂಡಿಗೆ ಅಡಿಕೆ ಹಾಳೆಯ ತಟ್ಟೆ ತಂದೆವು. ನೀರಿಗೆ ಮನೆಯ ಸ್ಟೀಲ್ ಲೋಟಗಳಿದ್ದವು.

ಅಡುಗೆಯ ಲೆಕ್ಕ

ಮನೆಯ ಸಮಾರಂಭ ಕೆಡುವುದು ಹೆಚ್ಚಾಗಿ ಅಡುಗೆಯ ಅಂದಾಜು ತಪ್ಪುವುದರಿಂದ. ಮೊದಲು ಕರೆಯುವವರ ಹೆಸರುಗಳನ್ನು ಬರೆಯಬೇಕು. ನಮ್ಮ ಪಟ್ಟಿ ಅರವತ್ತಕ್ಕೆ ನಿಂತಿತು. ಹಲವು ಬಗೆ ಇರುವ ಊಟದಲ್ಲಿ ಒಂದು ಕಿಲೋ ಅಕ್ಕಿ ಒಂಬತ್ತು ಹತ್ತು ಜನರಿಗೆ ಸಾಲುತ್ತದೆ. ಚಿತ್ರಾನ್ನಕ್ಕೂ ಅನ್ನಕ್ಕೂ ಸೇರಿಸಿ ಏಳು ಕಿಲೋ ಅಕ್ಕಿ ತೆಗೆದೆವು. ಎರಡು ಕಿಲೋ ಕಡಲೇಬೇಳೆಗೆ ಅಷ್ಟೇ ಬೆಲ್ಲ ಸೇರಿಸಿದಾಗ ಸುಮಾರು ನೂರು ಹೋಳಿಗೆಗಳಾದವು. ಬೇಳೆ ಬಸಿದ ಕಟ್ಟಿನಿಂದಲೇ ಹೋಳಿಗೆ ಸಾರು ಆದುದರಿಂದ ಬೇರೆ ಸಾರಿನ ಚಿಂತೆ ಇರಲಿಲ್ಲ. ಕೋಸಂಬರಿ, ಪಲ್ಯ, ಹಪ್ಪಳ, ಮಜ್ಜಿಗೆ ಇವಿಷ್ಟೇ ಉಳಿದವು.

ಹೂರಣವನ್ನು ಹಿಂದಿನ ದಿನವೇ ರುಬ್ಬಿ ತಣ್ಣಗಿನ ಪೆಟ್ಟಿಗೆಯಲ್ಲಿಡಬಹುದು. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಬೆರೆಸಿದರೆ ನೀರು ಬಿಡುವುದಿಲ್ಲ. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಹೊರಗೆ ಇಡಬಾರದು. ಉಳಿಯುವುದೆಂದು ಕಂಡೊಡನೆ ತೆಗೆದಿಟ್ಟು ಹಂಚಿಬಿಡಬೇಕು. ನಾವು ಕೆಳಗಿನ ಬೀದಿಯಲ್ಲಿ ಮೂಟೆ ಹೊರುವ ಹಮಾಲರನ್ನು ಕರೆದು ಮೊದಲ ಪಂಕ್ತಿಯವರೊಂದಿಗೇ ಕೂರಿಸಿ ಬಡಿಸಿದೆವು. ದಾಸೋಹವೆಂಬ ಮಾತನ್ನು ಆಡುತ್ತ ಬಂದಿರುವ ನಮಗೆ, ಉಳಿದದ್ದನ್ನು ಕೊಡುವುದಕ್ಕೂ ಮೊದಲೇ ಕರೆದು ಉಣಿಸುವುದಕ್ಕೂ ಇರುವ ಅಂತರ ತಿಳಿದಿರಬೇಕು.

ಎಚ್ಚರಿಕೆ ಅಗತ್ಯ

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮಹಡಿಯ ಮೇಲೆ ಕಟ್ಟಿದ ಬಲೂನಿನ ಕಮಾನು ಬಿಸಿಲೇರಿದಂತೆ ಒಂದೊಂದಾಗಿ ಒಡೆಯತೊಡಗಿತು. ಮಗು ಬೆಚ್ಚಿ ಅತ್ತಿತು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುವುದೆಂಬುದನ್ನು ವಿಡಿಯೋದವರು ಹೇಳಿರಲಿಲ್ಲ; ನಮಗಾದರೂ ಹೊಳೆಯಬೇಕಿತ್ತು. ಕೊನೆಗೆ ಆ ಜಾಗಕ್ಕೆ ಚೆಂಡುಹೂವಿನ ಮಾಲೆಯನ್ನೇ ಇಳಿಬಿಟ್ಟೆವು. ಬಲೂನು ಬೇಕೆನ್ನುವವರು ನೆರಳಿನಲ್ಲಿ ಕಟ್ಟಲಿ, ಪಂಪಿನಿಂದ ಬರೀ ಗಾಳಿ ತುಂಬಲಿ. ಜಲಜನಕ ತುಂಬಿದ ಬಲೂನು ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಒಡೆದ ಬಲೂನಿನ ಚೂರು ಮಗುವಿನ ಗಂಟಲಿಗೆ ಸಿಕ್ಕೀತು. ಕೂಡಲೇ ಆರಿಸಿ ತೆಗೆಯಬೇಕು.

ಕಾಗದದ ಅಲಂಕಾರದ ಹತ್ತಿರ ದೀಪ, ಮೇಣದಬತ್ತಿ ಸಲ್ಲದು. ಪಟಾಕಿಯಂತೂ ಇಂತಹ ಇಕ್ಕಟ್ಟಾದ ಬೀದಿಗಳಲ್ಲಿ ಬೇಡವೇ ಬೇಡ. 2021ರ ಸೆಪ್ಟೆಂಬರಿನಲ್ಲಿ ಹೊಸ ತರಗುಪೇಟೆಯ ಗೋದಾಮೊಂದರಲ್ಲಿ ಇರಿಸಿದ್ದ ಪಟಾಕಿ ಸಿಡಿದು ಜೀವಹಾನಿಯಾದುದನ್ನು ಈ ಪೇಟೆಯವರು ಮರೆತಿಲ್ಲ.

ಕೈಗಳಿಗೆಲ್ಲ ಕೆಲಸ

ಮನೆಯಲ್ಲೇ ಮಾಡುವುದೆಂದರೆ ಗೃಹಿಣಿಯೊಬ್ಬಳ ತಲೆಯ ಮೇಲೆ ಎಲ್ಲವನ್ನೂ ಹೊರಿಸುವುದೆಂದು ಅರ್ಥವಾಗಬಾರದು. ಹಾಗಾದರೆ ಉಳಿತಾಯವಾದ ಹಣಕ್ಕೆ ಬೆಲೆಯಿಲ್ಲ. ನಾವು ಗೋಡೆಗೊಂದು ಹಾಳೆ ಅಂಟಿಸಿ, ಕೆಲಸದ ಮುಂದೆ ಮಾಡುವವರ ಹೆಸರು ಬರೆದೆವು. ಮಗ ಎಲೆ ಹಾಕಿ ಬಡಿಸುವ, ಪಾತ್ರೆ ತೊಳೆಯುವ ಭಾಗವನ್ನು ವಹಿಸಿಕೊಂಡ. ಯಜಮಾನರದು ಹೂವು, ದಿನಸಿ. ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಯಾವ ಸಮಾರಂಭಕ್ಕೂ ಹೋಗಲಾರದೆ ಕೋಣೆಯಲ್ಲೇ ಇದ್ದ ನಮ್ಮ ಅತ್ತೆಯವರ ಹೆಸರನ್ನು ಸೊಸೆ ಹೂ ಕಟ್ಟುವ ಕೆಲಸದ ಮುಂದೆ ಬರೆದಳು. ಅಂದು ಬೆಳಗ್ಗೆ ಆರಕ್ಕೇ ಅವರು ಹಜಾರದಲ್ಲಿ ಕುಳಿತು, ಕಣ್ಣು ಮಂಜಾಗಿದ್ದರೂ ಬೆರಳ ಅಂದಾಜಿನಿಂದಲೇ ಮಾಲೆಗಳನ್ನೆಲ್ಲ ಕಟ್ಟಿ ಮುಗಿಸಿದರು. ಸಭಾಂಗಣದಲ್ಲಿ ಮಾಡಿದ್ದರೆ ಅವರು ಮನೆಯಲ್ಲೇ ಉಳಿಯುತ್ತಿದ್ದರು.

ಸಂಜೆ ಪೂಜೆಯಾದ ಮೇಲೆ ಮಗುವಿಗೆ ಆರತಿ ಬೆಳಗಿದೆವು. “ಜನ ಏನೆಂದಾರು” ಎಂದು ಹೆದರಿದ್ದ ಯಜಮಾನರ ಬಳಿ ಬಂದವರು ಕೇಳಿದ್ದು ಒಂದೇ: ಆ ಸೀರೆ ಪರದೆ ಕಟ್ಟಿದ್ದು ಹೇಗೆ? ಒಟ್ಟು ಖರ್ಚು ಗುತ್ತಿಗೆದಾರರ ಅಂದಾಜಿನ ಕಾಲು ಭಾಗವನ್ನೂ ಮುಟ್ಟಲಿಲ್ಲ. ಉಳಿದ ಹಣದಲ್ಲಿ ಒಂದು ಪಾಲನ್ನು ಮಗ ಮಗುವಿನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿಟ್ಟ. ಸಾಲ ಮಾಡಿ ಸಂಭ್ರಮಪಡಬೇಕೆಂಬ ಒತ್ತಡ ತಮ್ಮ ಮನೆಗೆ ಬಂದಾಗ ಬಂಧುಗಳು ಒಮ್ಮೆ ಮನೆಯವರನ್ನೆಲ್ಲ ಕೂರಿಸಿ, ಗೋಡೆಗೊಂದು ಹಾಳೆ ಅಂಟಿಸಿ ನೋಡಲಿ. ಮನೆಯಲ್ಲಿ ಎಷ್ಟು ಕೈಗಳಿವೆ ಎಂಬುದು ಆಗ ತಿಳಿಯುತ್ತದೆ.