ಹೈಫನ್ ಎಲ್ಲಿ ಹೋಯಿತು?

ವೆಬ್ ಪುಟದ ಹಿನ್ನೆಲೆಗೆ ಬಣ್ಣ ಕೊಡುವ ಗುಣಕ್ಕೆ ಸಿಎಸ್‌ಎಸ್‌ನಲ್ಲಿ ‘ಬ್ಯಾಕ್‌ಗ್ರೌಂಡ್-ಕಲರ್’ ಎಂದು ಹೆಸರು. ನಡುವೆ ಒಂದು ಹೈಫನ್. ಅದೇ ಗುಣವನ್ನು ಜಾವಾಸ್ಕ್ರಿಪ್ಟ್‌ನಿಂದ ಬದಲಿಸಲು ಹೊರಟರೆ ಹೈಫನ್ ಇರುವುದಿಲ್ಲ. ಎರಡು ಪದ ಒಂದಕ್ಕೊಂದು ಅಂಟಿ, ‘ಕಲರ್’ನ ಮೊದಲಕ್ಷರ ಇಂಗ್ಲಿಷಿನ ದೊಡ್ಡಕ್ಷರವಾಗಿರುತ್ತದೆ. ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ. ತಪ್ಪು ಅವರದಲ್ಲ.

ಎರಡೂ ಭಾಷೆ ಹುಟ್ಟಿದ ಮನೆಗಳೇ ಬೇರೆ. 1994ರ ಅಕ್ಟೋಬರ್ 10ರಂದು, ಜಿನೀವಾ ಬಳಿಯ ಸರ್ನ್‌ನಲ್ಲಿದ್ದ ನಾರ್ವೆಯ ಹಾಕನ್ ವಿಯುಮ್ ಲೀ, ಪುಟದ ಬರಹ ಬೇರೆ, ಅಂದಚಂದ ಬೇರೆ ಇರಲಿ ಎಂಬ ಪ್ರಸ್ತಾವ ಮುಂದಿಟ್ಟರು. ಅದೇ ಸಿಎಸ್‌ಎಸ್‌ನ ಬೀಜ. ಮರುವರ್ಷ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಸಿದ್ಧಪಡಿಸಿದರು. ಹೈಫನ್ ಎಂಬುದು ಸಿಎಸ್‌ಎಸ್‌ನಲ್ಲಿ ಪದ ಜೋಡಿಸುವ ಗೆರೆ, ಜಾವಾಸ್ಕ್ರಿಪ್ಟ್‌ನಲ್ಲಿ ಕಳೆಯುವ ಚಿಹ್ನೆ. ಹೈಫನ್ ಉಳಿಸಿಕೊಂಡು ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ‘ಬ್ಯಾಕ್‌ಗ್ರೌಂಡ್‌ನಿಂದ ಕಲರ್ ಕಳೆ’ ಎಂಬ ಲೆಕ್ಕವೆಂದೇ ಓದಿಕೊಳ್ಳುತ್ತದೆ.

ಇವೆರಡೂ ಜೊತೆಗೂಡಿದ್ದು ಬ್ರೌಸರ್‌ಗಳ ಜಿದ್ದಾಜಿದ್ದಿಯ ಕಾಲದಲ್ಲಿ. 1997ರ ನೆಟ್‌ಸ್ಕೇಪ್ 4, ಸಿಎಸ್‌ಎಸ್ ನಿಯಮಗಳನ್ನು ಒಳಗೊಳಗೇ ಜಾವಾಸ್ಕ್ರಿಪ್ಟ್‌ಗೆ ತಿರುಗಿಸಿ ನಡೆಸುತ್ತಿತ್ತು. ಜಾವಾಸ್ಕ್ರಿಪ್ಟ್ ಆಫ್ ಮಾಡಿದರೆ ಪುಟದ ಅಲಂಕಾರವೂ ಕಳಚಿ ಬೀಳುತ್ತಿತ್ತು! ಅದೇ ವರ್ಷ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4 ಬೇರೆ ದಾರಿ ಹಿಡಿಯಿತು. ಪುಟದ ಪ್ರತಿಯೊಂದು ಅಂಶಕ್ಕೂ ‘ಸ್ಟೈಲ್’ ಎಂಬ ಹಿಡಿಕೆ ಕೊಟ್ಟಿತು. ಅದನ್ನು ಹಿಡಿದು ಬಣ್ಣವನ್ನೋ ಅಗಲವನ್ನೋ ಬದಲಿಸಿದರೆ ತೆರೆದಿರುವ ಪುಟವೇ ಕಣ್ಣೆದುರು ಬದಲಾಗುತ್ತಿತ್ತು. ಡೆವಲಪರ್‌ಗಳು ಮಾತ್ರ ಒಂದೇ ಕೆಲಸಕ್ಕೆ ಎರಡೆರಡು ಬಗೆಯ ಕೋಡ್ ಬರೆದು ಹೈರಾಣಾದರು.

ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2000ದ ನವೆಂಬರ್ 13ರಂದು ‘ಸ್ಟೈಲ್’ ದಾರಿಗೆ ಅಧಿಕೃತ ಮುದ್ರೆ ಒತ್ತಿತು. ‘ಫ್ಲೋಟ್’ ಎಂಬ ಪದವನ್ನು ಜಾವಾಸ್ಕ್ರಿಪ್ಟ್ ಆಗ ತನಗೆಂದೇ ಕಾದಿರಿಸಿಕೊಂಡಿದ್ದರಿಂದ ಆ ಹೆಸರಿನ ಸಿಎಸ್‌ಎಸ್ ಗುಣಕ್ಕೆ ‘ಸಿಎಸ್‌ಎಸ್‌ಫ್ಲೋಟ್’ ಎಂಬ ಹೊಸ ಹೆಸರನ್ನೂ ಇಟ್ಟಿತು. ಗೆಲ್ಲಬೇಕಾದ ದಾರಿಯೇ ಗೆದ್ದಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಲ ಸಿಎಸ್‌ಎಸ್ ಕಡತವನ್ನು ಮುಟ್ಟದೆ, ಬೇಕಾದ ಒಂದೇ ಅಂಶವನ್ನು ಬೇಕಾದ ಹೊತ್ತಿಗೆ ಬದಲಿಸಲು ಇದರಿಂದ ಸಾಧ್ಯವಾಯಿತು.

ನೀವೇ ಮಾಡಿ ನೋಡಿ. ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಎಫ್12 ಒತ್ತಿ, ‘ಕನ್ಸೋಲ್’ಗೆ ಹೋಗಿ. ಡಾಕ್ಯುಮೆಂಟ್, ಬಾಡಿ, ಸ್ಟೈಲ್, ಬ್ಯಾಕ್‌ಗ್ರೌಂಡ್‌ಕಲರ್ – ಈ ನಾಲ್ಕನ್ನು ಇಂಗ್ಲಿಷಿನಲ್ಲಿ ನಡುನಡುವೆ ಚುಕ್ಕಿಯಿಟ್ಟು ಬರೆಯಿರಿ. ಮುಂದೆ ಸಮಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯೊಳಗೆ ಒಂದು ಬಣ್ಣದ ಹೆಸರು ಕೊಡಿ. ಎಂಟರ್ ಒತ್ತಿದೊಡನೆ ಹಿನ್ನೆಲೆ ಬದಲಾಗುತ್ತದೆ. ಪುಟವನ್ನು ರಿಫ್ರೆಶ್ ಮಾಡಿದರೆ ಹಳೆಯ ಬಣ್ಣವೇ ಮರಳುತ್ತದೆ.