ಮೋಟಾರಿನ ಕೆಳಗೊಂದು ಹನಿ

ಬೆಳಗ್ಗೆ ಎದ್ದು ಬಾಗಿಲು ತೆರೆದವನ ಕಣ್ಣಿಗೆ ಅಂಗಳದಲ್ಲಿ ಮೊದಲು ಬೀಳಬೇಕಾದುದು ರಂಗವಲ್ಲಿ. ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅದರ ಪಕ್ಕದಲ್ಲಿಯೇ ಇನ್ನೊಂದು ಚಿತ್ರವೂ ಇದೆ. ಅದು ಕಪ್ಪು ಬಣ್ಣದ್ದು, ದುಂಡಗಿನದು. ನಟ್ಟನಡುವೆ ಹೊಸದಾಗಿ ಬಿದ್ದ ಹನಿಗಳ ಹೊಳಪು. ನನ್ನ ಹೆಂಡತಿ ಅದನ್ನು ‘ನಿಮ್ಮ ರಂಗೋಲಿ’ ಎಂದು ಕರೆಯುತ್ತಾಳೆ. ರಾತ್ರಿಯೆಲ್ಲ ನನ್ನ ಅಂಬಾಸಿಡರ್ ಕಾರಿನ ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಅದು.

ಎಣ್ಣೆ ಸೋರುವ ಮೋಟಾರಿನ ಒಡೆಯನಿಗೆ ಉಪದೇಶ ಮಾಡುವವರ ಕೊರತೆ ಎಂದೂ ಇಲ್ಲ. ಅವರಲ್ಲಿ ಎರಡು ಪಂಗಡ. “ಒಂದು ಸ್ಪ್ಯಾನರು, ಒಂದು ಭಾನುವಾರ ಇದ್ದರೆ ಸಾಕು, ಇಷ್ಟಕ್ಕೆಲ್ಲ ಮೇಸ್ತ್ರಿಗೆ ದುಡ್ಡು ತೆರುವುದೆ?” ಎನ್ನುವವರು ಒಂದು ಕಡೆ. “ಅವರವರ ಕಸುಬು ಅವರವರಿಗೆ, ಪಾಠ ಹೇಳುವವರು ಪಾಠ ಹೇಳಿಕೊಂಡಿರಿ” ಎನ್ನುವವರು ಇನ್ನೊಂದು ಕಡೆ. ನಾನು ಎರಡು ಪಂಗಡಗಳಲ್ಲಿಯೂ ಇದ್ದು ಬಂದವನು. ಎರಡು ಕಡೆಯೂ ಪೆಟ್ಟು ತಿಂದವನು. ಆದಕಾರಣ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರ ನನಗೆ ಅಷ್ಟಿಷ್ಟು ಇದೆಯೆಂದುಕೊಂಡಿದ್ದೇನೆ.

ಕಾರನ್ನು ನಾನು ಕೊಂಡದ್ದು ೧೯೯೧ರಲ್ಲಿ. ಅದಾಗಲೇ ಹದಿಮೂರು ವರ್ಷದ ಗಾಡಿ. ಅಂಬಾಸಿಡರಿನ ವಂಶಾವಳಿ ಬಹುಮಂದಿಗೆ ತಿಳಿದದ್ದೇ. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಐವತ್ತರ ದಶಕದ ಕೊನೆಯಿಂದ ೨೦೧೪ರವರೆಗೆ ಅದು ತಯಾರಾಯಿತು. ಮೈಕಟ್ಟು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನದು. ನನ್ನ ಕಾರಿನಲ್ಲಿರುವ ೧೪೮೯ ಸಿ.ಸಿ. ಎಂಜಿನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಮಾಲಿಕೆಗೆ ಸೇರಿದುದು. ಇದರ ಒಡಹುಟ್ಟಿದ್ದೇ ಎಂ.ಜಿ.ಎ. ಎಂಬ ಅಲ್ಲಿನ ಶೋಕಿಯ ಸಣ್ಣ ಕಾರನ್ನೂ ಓಡಿಸುತ್ತಿತ್ತು. ಮದುವೆಯ ದಿಬ್ಬಣಕ್ಕೂ ಮಂತ್ರಿಗಳ ಸವಾರಿಗೂ ದುಡಿದ ನಮ್ಮ ಗಾಡಿಗೆ ಅಂಥ ನೆಂಟಸ್ತಿಕೆ ಇದೆಯೆಂದರೆ ನಂಬುವುದು ಕಷ್ಟ. ಎಣ್ಣೆಯ ಹನಿಯೂ ಆ ಮನೆತನದ ಬಳುವಳಿಯೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಮೊದಲನೆಯ ಸೋರಿಕೆ ಕಂಡದ್ದು ಎಂಜಿನ್ನಿನ ತಲೆಯ ಮೇಲೆ. ಅಲ್ಲಿ ರಾಕರ್ ಕವರ್ ಎಂಬ ತಗಡಿನ ಮುಚ್ಚಳವಿದೆ. ಎರಡು ನಟ್ಟುಗಳು ಅದನ್ನು ಹಿಡಿದಿರುತ್ತವೆ. ಕೆಳಗೆ ಕಾರ್ಕಿನ ಒಂದು ಪಟ್ಟಿ. ಕಾವಿಗೆ ಒಣಗಿ ಹಪ್ಪಳದಂತಾದ ಕಾರ್ಕು ಬಿರುಕು ಬಿಟ್ಟು ಎಣ್ಣೆ ಪಕ್ಕೆಯ ಮೇಲೆ ಇಳಿಯುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹೊಸ ಪಟ್ಟಿ ಕೊಂಡೆ. ಬೆಲೆ ಎರಡು ಮಸಾಲೆದೋಸೆಗಿಂತ ಹೆಚ್ಚಿರಲಿಲ್ಲ. ಹಳೆಯದನ್ನು ಕೆರೆದು, ಒರೆಸಿ, ಹೊಸದನ್ನು ಕೂರಿಸಿ ಮುಚ್ಚಳ ಬಿಗಿದೆ. ಸೋರಿಕೆ ನಿಂತಿತು. ಆ ದಿನ ನನಗಾದ ಹಿಗ್ಗು ಎಂ.ಎ. ಪದವಿ ಬಂದ ದಿನವೂ ಆಗಿರಲಿಲ್ಲ. ಪದವಿಯನ್ನು ಬೇರೆಯವರು ಕೊಟ್ಟಿದ್ದರು. ಇದನ್ನು ನನ್ನ ಕೈಯೇ ಮಾಡಿತ್ತು. ಪುಸ್ತಕ ಹಿಡಿದು ಬಾಳುವವರಿಗೆ ಕೈಗೆ ಮಸಿ ಹತ್ತಿಸಿಕೊಳ್ಳುವುದರಲ್ಲಿ ಒಂದು ವಿಚಿತ್ರವಾದ ಆಸೆಯಿರುತ್ತದೆ. ವಾರದವರೆಗೂ ಉಗುರಿನ ಸಂದಿನ ಕಪ್ಪನ್ನು ತೊಳೆಯದೆಯೇ ತರಗತಿಗೆ ಹೋಗಿ ಬಂದೆನೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಅಲ್ಲಿಯೇ ನಿಂತಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ೧೯೯೪ರ ಮಳೆಗಾಲದ ಮೊದಲಲ್ಲಿ ಮತ್ತೆ ಎಣ್ಣೆ ಕಂಡಿತು. ಈ ಸಲ ಎಂಜಿನ್ನಿನ ಪಕ್ಕೆಯಲ್ಲಿ. ಹೊಗೆ ಹೊರಹೋಗುವ ಬಿಸಿ ಕೊಳವೆಗಳ ಕೆಳಗೆ, ಕೈ ಸರಿಯಾಗಿ ತೂರದ ಕಡೆ, ಟ್ಯಾಪೆಟ್ಟುಗಳನ್ನು ಮುಚ್ಚುವ ಎರಡು ತಗಡುಗಳಿವೆ. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟು. ಹೊಸ ಕಾರ್ಕು ಹಾಕಿದೆ, ಬಿಗಿದೆ. ಮತ್ತೆ ಒಸರಿತು. ಇನ್ನಷ್ಟು ಬಿಗಿದೆ. ಒಸರಿದಷ್ಟೂ ಬಿಗಿಯುವುದು ಸಹಜವಾದ ಬುದ್ಧಿಯೆಂದೇ ನನಗೆ ತೋರಿತ್ತು. ನಲ್ಲಿ ತೊಟ್ಟಿಕ್ಕಿದರೆ ತಿರುವುತ್ತೇವೆ, ಡಬ್ಬಿ ಸಡಿಲವಾದರೆ ಅದುಮುತ್ತೇವೆ. ಆದರೆ ನಡುವೆ ಒಂದೇ ಬೋಲ್ಟಿರುವ ತೆಳುವಾದ ತಗಡನ್ನು ಬಿಗಿದಷ್ಟೂ ಅದರ ಹೊಟ್ಟೆ ಒಳಕ್ಕೆ ಹೋಗಿ ಅಂಚುಗಳು ಮೇಲೇಳುತ್ತವೆ. ನಾನು ಬಾಗಿಲು ಹಾಕುತ್ತಿದ್ದೇನೆಂದು ಭಾವಿಸಿ ಕಿಟಕಿ ತೆರೆಯುತ್ತಿದ್ದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಹೀಗಿರಲು, ಅಮ್ಮನನ್ನು ಸುಬ್ರಹ್ಮಣ್ಯಕ್ಕೆ ಕರೆದೊಯ್ಯುವ ಹರಕೆಯ ದಿನ ಬಂತು. ಬೆಂಗಳೂರಿನಿಂದ ಹೊರಟು ಹಾಸನದಲ್ಲಿ ಊಟ ಮುಗಿಸಿದೆವು. ಅಲ್ಲಿ ನಾನು ಮಾಡಬೇಕಾಗಿದ್ದ ಕೆಲಸ ಇಷ್ಟೆ: ಬಾನೆಟ್ ಎತ್ತಿ, ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡುವುದು. ಒಂದು ನಿಮಿಷದ ಕೆಲಸ. ನೋಡಲಿಲ್ಲ. ನನ್ನ ಕೈಯ ಕೆಲಸವನ್ನು ನಾನೇ ಶಂಕಿಸುವುದು ಇಷ್ಟವಿರಲಿಲ್ಲವೆಂದು ಈಗ ತೋರುತ್ತದೆ. ಸಕಲೇಶಪುರ ದಾಟಿ ಶಿರಾಡಿಯ ಇಳಿಜಾರಿಗೆ ಬಂದಾಗ ಮಳೆ ಜಡಿಯುತ್ತಿತ್ತು. ಒಂದು ತಿರುವಿನಲ್ಲಿ ಕೆಂಪು ದೀಪ ಮಿಣುಕಿತು. ರಸ್ತೆ ನೇರವಾದಾಗ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿಣುಕಿತು. ತೊಟ್ಟಿಯಲ್ಲಿ ಎಣ್ಣೆ ತೀರ ತಗ್ಗಿದಾಗ, ಗಾಡಿ ವಾಲಿದ ಕಡೆಗೆ ಅದು ಸರಿದುಬಿಟ್ಟು ಪಂಪಿನ ಬಾಯಿಗೆ ಬರಿಯ ಗಾಳಿ ಸಿಕ್ಕುತ್ತದೆ. ಆ ಎರಡು ಮೂರು ಗಳಿಗೆಗಳಲ್ಲಿ ಬೇರಿಂಗಿಗೂ ತಿರುಗುವ ಉಕ್ಕಿಗೂ ನಡುವೆ ಇರಬೇಕಾದ ಎಣ್ಣೆಯ ಪೊರೆ ಹರಿಯುತ್ತದೆ. ಹರಿದ ಮೇಲೆ ಎಂಜಿನ್ನು ಕಚ್ಚಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಘಟ್ಟದ ಇಳಿಜಾರಿನಲ್ಲಿ, ಹಿಂದಿನಿಂದ ಅದಿರಿನ ಲಾರಿಗಳು ಒತ್ತಿ ಬರುತ್ತಿರುವಾಗ ಹಾಗಾಗಿದ್ದರೆ ಎಂಬುದನ್ನು ಇಂದಿಗೂ ನೆನೆಯಲಾರೆ.

ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದೆ. ಕಡ್ಡಿಯನ್ನು ಎಳೆದರೆ ತುದಿಯಲ್ಲಿ ಒಂದಿಷ್ಟು ಜಿಡ್ಡು ಮಾತ್ರ. ಎಪ್ಪತ್ತೆರಡು ವರ್ಷದ ನನ್ನ ತಾಯಿ ಸೆರಗು ಹೊದ್ದು ಎರಡು ಗಂಟೆಯ ಕಾಲ ಕಾರಿನಲ್ಲಿ ಕುಳಿತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕೊನೆಗೆ ಲಾರಿಯ ಚಾಲಕನೊಬ್ಬ ನಿಲ್ಲಿಸಿ ತನ್ನಲ್ಲಿದ್ದ ಡಬ್ಬದಿಂದ ಎಣ್ಣೆ ಸುರಿದ. ಪಕ್ಕೆಯ ತಗಡನ್ನು ಬೆರಳಿನಿಂದ ಮುಟ್ಟಿ ನೋಡಿ, “ಇದನ್ನು ಯಾರು ಬಿಗಿದದ್ದು?” ಎಂದು ಕೇಳಿದ. ಯಾರೋ ಮೇಸ್ತ್ರಿ ಎಂದೆ. ಆ ಸುಳ್ಳು ಎಣ್ಣೆಯ ಕಲೆಗಿಂತ ಗಟ್ಟಿಯಾಗಿ ಅಂಟಿಕೊಂಡಿದೆ.

ಊರಿಗೆ ಮರಳಿದವನು ನೇರವಾಗಿ ಎರಡನೆಯ ಪಂಗಡಕ್ಕೆ ಸೇರಿದೆ. ದೊಡ್ಡ ಗ್ಯಾರೇಜೊಂದಕ್ಕೆ ಗಾಡಿ ಒಯ್ದೆ. ಅಲ್ಲಿನವರು ಕೆಳಗೆ ಬಗ್ಗಿ ನೋಡಿ, ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಹನಿ ಬೀಳುವುದನ್ನು ತೋರಿಸಿ, ಹಿಂದಿನ ಸೀಲು ಹೋಗಿದೆ, ಎಂಜಿನ್ ಇಳಿಸಬೇಕು ಎಂದರು. ಅವರು ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳವನ್ನು ಮೀರಿತ್ತು. ಕೊಡಲು ಸಿದ್ಧನಾಗಿದ್ದೆ. ಘಟ್ಟದ ಭಯ ನನ್ನ ಪ್ರಶ್ನೆ ಕೇಳುವ ಶಕ್ತಿಯನ್ನೇ ಕಸಿದುಕೊಂಡಿತ್ತು. ನನ್ನ ಮೈಗೆ ಏನಾಯಿತೆಂದು ತಿಳಿಯದೆ ಶಸ್ತ್ರಚಿಕಿತ್ಸೆಗೆ ಒಪ್ಪುವ ರೋಗಿಗೂ ನನಗೂ ಆ ದಿನ ಭೇದವಿರಲಿಲ್ಲ.

ಸಹೋದ್ಯೋಗಿಯೊಬ್ಬರು ತಡೆದು, ಕಲಾಸಿಪಾಳ್ಯದ ಹಿಂದಿನ ಓಣಿಯಲ್ಲಿದ್ದ ಮುದುಕ ಮೇಸ್ತ್ರಿಯೊಬ್ಬರ ಬಳಿಗೆ ಕಳಿಸಿದರು. ಅವರು ಗಾಡಿಯ ಕೆಳಗೆ ನೋಡಲೇ ಇಲ್ಲ. “ಎಣ್ಣೆ ಕೆಳಗೆ ಬೀಳುತ್ತದೆ ಸ್ವಾಮಿ, ಕೆಳಗಿನಿಂದ ಬರುವುದಿಲ್ಲ” ಎಂದರು. ಓಡುವ ಗಾಡಿಯ ಗಾಳಿ ಎಣ್ಣೆಯನ್ನು ಹಿಂದಕ್ಕೆ ದೂಡುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಮುಂದೆ ಮೇಲೆ ಹುಟ್ಟಿದ ಸೋರಿಕೆ ಹಿಂದೆ ಕೆಳಗೆ ಕಾಣಿಸಿಕೊಳ್ಳುವುದು ಆದ್ದರಿಂದಲೇ. ಎಂಜಿನ್ನನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಸಿದರು. ಒಣಗಿದ ಮೇಲೆ ನಾನು ಕಾಲೇಜಿನವನೆಂದು ತಿಳಿದಿದ್ದ ಅವರು ಕೈಚಾಚಿ, “ಸೀಮೆಸುಣ್ಣ ಇದೆಯೆ?” ಎಂದರು. ಜೇಬಿನಲ್ಲಿ ಎರಡು ತುಂಡು ಇದ್ದವು. ಅರೆದು ಪುಡಿ ಮಾಡಿ ಅನುಮಾನವಿದ್ದ ಅಂಚುಗಳಿಗೆಲ್ಲ ಉದುರಿಸಿ ಎಂಜಿನ್ ಓಡಿಸಿದರು. ಹತ್ತು ನಿಮಿಷದೊಳಗೆ ಬಿಳಿಯ ಪುಡಿಯ ಮೇಲೆ, ಪಕ್ಕೆಯ ತಗಡಿನ ಮೇಲಂಚಿನಲ್ಲಿ, ಒಂದು ಕಂದು ಗೆರೆ ಮೂಡಿತು. ಕರಿಹಲಗೆಯ ಮೇಲೆ ನಾನು ಇಷ್ಟು ವರ್ಷ ಬರೆದ ಯಾವುದೂ ಅಷ್ಟು ಸ್ಪಷ್ಟವಾಗಿರಲಿಲ್ಲ.

ಅಷ್ಟಕ್ಕೂ ಅವರು ತೃಪ್ತರಾಗಲಿಲ್ಲ. ಮೊದಲು ಎಣ್ಣೆ ಅಲ್ಲಿಗೆ ನುಗ್ಗಿದ್ದೇಕೆ? ಉರಿದ ಅನಿಲ ಅಷ್ಟಿಷ್ಟು ಪಿಸ್ಟನ್ನಿನ ಉಂಗುರಗಳನ್ನು ದಾಟಿ ಕೆಳಗಿನ ಕೋಣೆಗೆ ಇಳಿಯುತ್ತದೆ. ಹಳೆಯ ಎಂಜಿನ್ನಿನಲ್ಲಿ ಇನ್ನೂ ಹೆಚ್ಚು. ಆ ಒತ್ತಡ ಹೊರಹೋಗಲು ಮುಂದಿನ ತಗಡಿನಿಂದ ಕೆಳಮುಖವಾಗಿ ಒಂದು ಉಸಿರುಗೊಳವೆ ಇದೆ. ಮೇಲಿನ ಮುಚ್ಚಳದಿಂದ ಇನ್ನೊಂದು ರಬ್ಬರಿನ ನಾಳ. ರಬ್ಬರು ಮೆತ್ತಗಾಗಿ ಮಡಚಿಕೊಂಡಿತ್ತು. ಕೊಳವೆಯೊಳಗೆ ಮೇಸ್ತ್ರಿ ತಂತಿ ಹಾಯಿಸಿದರೆ ಹೊರಬಿದ್ದದ್ದು ಒಣಮಣ್ಣು: ಬೇಸಗೆಯ ರಜೆಯಲ್ಲಿ ಗಾಡಿ ನಿಂತಿದ್ದಾಗ ಕುಂಬಾರ ಕಣಜವೊಂದು ಅಲ್ಲಿ ಸಂಸಾರ ಹೂಡಿತ್ತು! ಉಸಿರು ಕಟ್ಟಿದ ಎಂಜಿನ್ನು ಸಿಕ್ಕಿದ ಸಂದಿನಲ್ಲೆಲ್ಲ ಎಣ್ಣೆಯನ್ನು ಉಗುಳುತ್ತಿತ್ತು. ನಾನು ಬಿಗಿದದ್ದು ಕಾರಣವನ್ನಲ್ಲ, ಬಾಯಿಯನ್ನು.

ಬಾಗಿದ ತಗಡನ್ನು ಸಮತಟ್ಟಾದ ಕಬ್ಬಿಣದ ಹಲಗೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿ ನೇರ್ಪಡಿಸಿದರು. ಕಾರ್ಕನ್ನು ತಗಡಿನ ಕಡೆಗೆ ಮಾತ್ರ ಅಂಟಿಸಿ, ಬೋಲ್ಟನ್ನು ನನ್ನ ಕೈಗೇ ಕೊಟ್ಟು, “ಕಾರ್ಕು ಉಬ್ಬಲು ತೊಡಗಿದೊಡನೆ ನಿಲ್ಲಿಸಿ” ಎಂದರು. ನಿಲ್ಲಿಸಿದೆ. ಕೇಳಿದ ಕೂಲಿ ನಾಚಿಕೆಯಾಗುವಷ್ಟು ಕಡಮೆ. ದ್ವಿಗುಣ ಕೊಟ್ಟೆ, ಅರ್ಧ ಹಿಂದಿರುಗಿಸಿದರು.

ಹಾಗಾದರೆ ಹಿಂದಿನ ಹನಿ? ಅದನ್ನೂ ಕೇಳಿದೆ. ಅವರು ನಕ್ಕರು. ಆ ಜಾಗದಲ್ಲಿ ಸೀಲೇ ಇಲ್ಲ! ಕ್ರ್ಯಾಂಕ್ ಶಾಫ್ಟಿನ ಹಿಂಬದಿಯಲ್ಲಿ ತಿರುಪಿನಂತೆ ಒಂದು ಗೀರು ಕೊರೆದಿದ್ದಾರೆ. ಎಂಜಿನ್ನು ತಿರುಗುವಾಗ ಅದು ಆರ್ಕಿಮಿಡೀಸನ ತಿರುಪಿನ ಹಾಗೆ ಎಣ್ಣೆಯನ್ನು ಒಳಕ್ಕೆ ಸೆಳೆಯುತ್ತದೆ. ನಿಂತಾಗ ಸೆಳೆಯುವವರಿಲ್ಲ; ಉಳಿದದ್ದು ತೊಟ್ಟಿಕ್ಕುತ್ತದೆ. ಹನಿ ಕ್ಲಚ್ಚಿನ ಕೋಣೆಯಲ್ಲಿ ನಿಲ್ಲದಿರಲೆಂದು ತಳದಲ್ಲಿ ರಂಧ್ರ ಬಿಟ್ಟು, ರಂಧ್ರ ಮುಚ್ಚಿಹೋಗದಿರಲೆಂದು ಅದರಲ್ಲೊಂದು ಸೀಳುಮೊಳೆಯನ್ನು ಅಲುಗಾಡುವಂತೆ ತೂಗಬಿಟ್ಟಿದ್ದಾರೆ. ಇಂಗ್ಲೆಂಡಿನವರು ೧೯೬೪ರಲ್ಲಿ ಎಂ.ಜಿ.ಬಿ. ಕಾರಿನ ಎಂಜಿನ್ನಿಗೆ ಮೂರರ ಬದಲು ಐದು ಬೇರಿಂಗು ಕೊಟ್ಟಾಗ ಅಲ್ಲಿ ರಬ್ಬರಿನ ಸೀಲು ಹಾಕಿದರು. ನನ್ನದು ಮೂರರದು. ಎಂಜಿನ್ ಇಳಿಸಿ ನಾನು ಒಂದು ತಿಂಗಳ ಸಂಬಳ ತೆತ್ತಿದ್ದರೂ ಇಲ್ಲದ ಸೀಲನ್ನು ಯಾರು ಬದಲಾಯಿಸುತ್ತಿದ್ದರು?

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ. ರಾತ್ರಿಗೆ ಹತ್ತು ಹನಿಯೆಂದರೆ ಅರ್ಧ ಮಿಲಿಲೀಟರು. ಒಂದು ಲೀಟರು ಹೋಗಲು ಎರಡು ಸಾವಿರ ರಾತ್ರಿ ಬೇಕು. ಎಂದರೆ ಐದೂವರೆ ವರ್ಷ. ಕಣ್ಣಿಗೆ ಕಾಣುವ, ಮನೆಯವರು ಹಂಗಿಸುವ, ನೆರೆಯವರು ಮೂಗು ಮುರಿಯುವ ಹನಿ ನಿರಪರಾಧಿ. ಅಂಗಳದಲ್ಲಿ ಗುರುತೇ ಉಳಿಸದೆ, ಓಡುವಾಗ ಮಾತ್ರ ಒತ್ತಡದಿಂದ ಚಿಮ್ಮಿ ರಸ್ತೆಯ ಪಾಲಾಗುವ ಸೋರಿಕೆಯೇ ಶಿರಾಡಿಯಲ್ಲಿ ನನ್ನನ್ನು ನಿಲ್ಲಿಸಿದ್ದು.

ಈಚಿನ ಕಾರುಗಳಲ್ಲಿ ಎಂಜಿನ್ನಿನ ಕೆಳಗೆ ಪ್ಲಾಸ್ಟಿಕ್ಕಿನ ಹಲಗೆ ಇರುವುದುಂಟು; ಹನಿ ಅದರ ಮೇಲೆಯೇ ಉಳಿದು ಮಾಲಿಕನಿಗೆ ಕಾಣುವುದೇ ಇಲ್ಲ. ಸಂದುಗಳಿಗೆ ಕಾರ್ಕಿನ ಬದಲು ಕೊಳವೆಯಿಂದ ಹಿಂಡುವ ಸಿಲಿಕೋನ್ ಅಂಟು ಬಂದಿದೆ. ಮನೆಯಲ್ಲಿ ರಿಪೇರಿ ಮಾಡುವ ಉತ್ಸಾಹಿಗಳು ಅದನ್ನು ದೋಸೆಗೆ ಬೆಣ್ಣೆ ಬಳಿಯುವಂತೆ ಬಳಿಯುತ್ತಾರೆ. ಹೆಚ್ಚಾದದ್ದು ಒಳಗೆ ಕಳಚಿ ಬಿದ್ದು ಪಂಪಿನ ಜರಡಿಗೆ ಅಡ್ಡವಾದರೆ ಸೋರಿಕೆಗಿಂತ ದೊಡ್ಡ ಅನಾಹುತ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರುವವರನ್ನೂ ಕಂಡಿದ್ದೇನೆ. ಅವರಿಗೆ ಕೈಮುಗಿದು ಬೇಡ ಎನ್ನುವೆ.

ನನ್ನ ಮಟ್ಟಿಗೆ, ಮೇಲಿನ ಮುಚ್ಚಳ ನನ್ನದು. ಪಕ್ಕೆಯ ತಗಡು, ಮೇಸ್ತ್ರಿ ಕಲಿಸಿದ ಮೇಲೆ, ನನ್ನದು. ಎಂಜಿನ್ ಇಳಿಸುವ ಯಾವ ಕೆಲಸವೂ ನನ್ನದಲ್ಲ. ತೊಳೆದು, ಸೀಮೆಸುಣ್ಣ ಉದುರಿಸಿ, ಎಲ್ಲಿಂದ ಬಂತೆಂದು ನೋಡುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಗ್ಯಾರೇಜಿಗೆ ಹೋಗುವುದಿದ್ದರೂ ನೋಡಿಕೊಂಡೇ ಹೋಗುತ್ತೇನೆ. ಮುದುಕ ಮೇಸ್ತ್ರಿ ತೀರಿಕೊಂಡು ಬಹಳ ವರ್ಷವಾಯಿತು. ಅವರ ಓಣಿಯಲ್ಲಿ ಈಗ ಬ್ಯಾಟರಿ ಮಾರುವ ಅಂಗಡಿಯಿದೆ.

ಕಾರು ಅಂಗಳದಲ್ಲಿಯೇ ಇದೆ. ತಿಂಗಳಿಗೆರಡು ಸಲ ಹೊರಡುತ್ತದೆ, ಹೊರಡುವ ಮುನ್ನ ಕಡ್ಡಿಯನ್ನು ಎಳೆದು ನೋಡುತ್ತೇನೆ. ಹೆಂಡತಿಯ ಸಮಾಧಾನಕ್ಕಾಗಿ ಕೆಳಗೊಂದು ತಗಡಿನ ತಟ್ಟೆ ಇಟ್ಟಿದ್ದೇನೆ. ಇಂದು ಬೆಳಗ್ಗೆ ಎಣಿಸಿದೆ: ಏಳು ಹನಿ.